ಹನ್ನೊಂದು ವರ್ಷದ ಬಿಸಿಲು

ಸೂರ್ಯನಂಥ ನಕ್ಷತ್ರಗಳ ಬೆಳಕು ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಕುಮಟೆಯ ಕಾಲೇಜಿನಲ್ಲಿ ಪಾಠ ಮುಗಿಸಿ, ಬಾಹ್ಯಾಕಾಶದ ದೂರದರ್ಶಕಗಳು ಕಳಿಸಿದ ಅಂಕಿಗಳ ಮುಂದೆ ಕೂರುತ್ತೇನೆ. ಸಾವಿರ ವರ್ಷ ಸೂರ್ಯನನ್ನು ಕಾಯಲು ಯಾರಿಗೆ ಪುರಸೊತ್ತು? ಅವನ ವಾರಿಗೆಯ ನೂರಾರು ನಕ್ಷತ್ರಗಳನ್ನು ನೋಡಿದರೆ ಅವನ ಸ್ವಭಾವ ತಿಳಿಯುತ್ತದೆ. ಅವುಗಳಲ್ಲಿ ಹಲವಕ್ಕಿಂತ ನಮ್ಮವನು ಸಾಧು. ಇಷ್ಟು ತಿಳಿಯಲು ನನ್ನ ಕಣ್ಣೂ ಹೋಯಿತು, ಸೊಂಟವೂ ಹೋಯಿತು.

ನನ್ನ ಅವ್ವ ದೇವಿ ಹೊನ್ನಾವರದ ಹತ್ತಿರ ಕಡಲ ದಂಡೆಯಲ್ಲಿ ಮೀನು ಒಣಗಿಸುತ್ತಾಳೆ. ಏಪ್ರಿಲ್‌ನ ಒಂದು ಮಧ್ಯಾಹ್ನ, ತಾರ್ಲೆ ಮೀನು ತಿರುವುತ್ತಿದ್ದವಳು ತಲೆ ತಿರುಗಿ ಬಿದ್ದಳೆಂದು ಫೋನು ಬಂತು. ಓಡಿದೆ. ಚಪ್ಪರದಡಿ ತಲೆಗೆ ಒದ್ದೆ ಟವೆಲು ಸುತ್ತಿಕೊಂಡು ಕೂತಿದ್ದಳು.

"ಸಾಕು ಅವ್ವ. ಕುಮಟೆಗೆ ಬಂದು ನನ್ನ ಸಂಗ್ತಿಗೆ ಇರು," ಎಂದೆ.

"ಹನ್ನೊಂದು ವರ್ಷ ತಡ್ಕಂಡೆ. ಈಗ ಬಿಡೂದಾ? ಬರೋ ವರ್ಷದಿಂದ ಇಳೀತದಲ್ಲ."

"ಎಂತ ಇಳೀತದೆ?"

"ಬಿಸ್ಲು. ನೀನೇ ಹೇಳಿದ್ಯಲ್ಲ."

ಹೇಳಿದ್ದೆ. ಬಿ.ಎಸ್ಸಿ. ಓದುವಾಗ, ಸೂರ್ಯನ ಬೆಳಕು ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ ಎಂದು ದೊಡ್ಡದಾಗಿ ಸಾರಿದ್ದೆ. ಆ ಏರಿಳಿತ ಸಾವಿರದಲ್ಲಿ ಒಂದು ಪಾಲು ಎಂದು ಹೇಳಲಿಲ್ಲ. ಅಲ್ಪವಿದ್ಯಾ ಮಹಾಗರ್ವಿ. ಹನ್ನೊಂದು ವರ್ಷ ಬಿಸಿಲು ಏರಿ ಆಮೇಲೆ ಇಳಿಯುತ್ತದೆ ಎಂದುಕೊಂಡ ಅವ್ವ ಅಂದಿನಿಂದ ವರ್ಷ ಎಣಿಸುತ್ತಿದ್ದಳು.

"ಅವ್ವ, ಸೂರ್ಯನ ಏರಿಳಿತ ನಮ್ಮ ಮೈಗೆ ಗೊತ್ತೇ ಆಗೂದಿಲ್ಲ. ಈ ಸೆಕೆ ನಾವು ಸುಟ್ಟ ಕಲ್ಲಿದ್ದಲು, ಡೀಸೆಲ್ಲಿನ ಹೊಗೆಯಿಂದ ಬಂದದ್ದು. ವರ್ಷ ಎಣಿಸಿದ್ರೆ ಇಳಿಯೂದಿಲ್ಲ."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಆತು," ಎಂದಳು. ಆಮೇಲೆ ದನಿ ತಗ್ಗಿಸಿದಳು. "ತಿಮ್ಮಿಗೆ ಎಂತ ಹೇಳೂದು? ಹೋದ ವರ್ಷ ಐಸ್ ಫ್ಯಾಕ್ಟರಿಲಿ ಕೆಲಸ ಸಿಕ್ಕಿತ್ತು ಅವಳಿಗೆ. ಇನ್ನೊಂದು ವರ್ಷ ತಡಿ, ಬಿಸ್ಲು ಇಳೀತದೆ, ನನ್ನ ಮಗಳು ಓದಿ ಹೇಳಿದ್ದು ಅಂದೆ. ನಂಬಿ ಆ ಕೆಲಸಕ್ಕೆ ಹೋಗಲೇ ಇಲ್ಲ."

ತಿಮ್ಮಕ್ಕ ಅವ್ವನ ಜೊತೆ ಇಪ್ಪತ್ತು ವರ್ಷದಿಂದ ಮೀನು ಒಣಗಿಸುವವಳು. ಆಚೆ ಬಿಸಿಲಲ್ಲಿ ಒಬ್ಬಳೇ ಬಗ್ಗಿ, ಅವ್ವನ ಪಾಲಿನ ಮೀನನ್ನೂ ತಿರುವುತ್ತಿದ್ದಳು. ಹೋದೆ. ಚಪ್ಪಲಿ ಹಾಕಿದ್ದರೂ ಮರಳು ಚುರುಗುಟ್ಟುತ್ತಿತ್ತು.

"ಬಂದ್ಯಾ ಮಗಾ?" ನನ್ನನ್ನು ನೋಡಿ ನಕ್ಕಳು. "ಹೆದರೂದು ಬೇಡ ಅಂತ ಹೇಳು ನಿನ್ನ ಅವ್ವಗೆ. ಹನ್ನೊಂದು ಆತಲ್ಲ, ಮುಗೀತು."

ನನಗೆ ಅಳುವೇ ಬಂತು. "ಮುಗಿಲಿಲ್ಲ ತಿಮ್ಮಕ್ಕ. ಅವತ್ತು ನಾನು ಅರ್ಧ ಕಲಿತು ಹೇಳಿದ್ದು. ಇಳಿಯೂದಿಲ್ಲ. ಇನ್ನೂ ಏರ್ತದೆ."

ಸೊಂಟದ ಮೇಲೆ ಕೈಯಿಟ್ಟು ಮೆಲ್ಲಗೆ ನೆಟ್ಟಗಾದಳು. ಮುಂದೆ ಹಾಸಿದ್ದ ಮೀನಿನ ಸಾಲುಗಳನ್ನು ನೋಡಿದಳು.

"ನಂಗೆ ಸಿಕ್ಕಿದ್ದ ಐಸ್ ಫ್ಯಾಕ್ಟರಿ ಕೆಲಸಕ್ಕೆ ನನ್ನ ನಾದಿನಿಯನ್ನ ನಾನೇ ಕರ್ಕಂಡು ಹೋಗಿ ಸೇರಿಸಿ ಬಂದೆ," ಎಂದಳು.

ಅವಳು ಮತ್ತೆ ಬಗ್ಗಿದಳು.

"ನಿಂತ್ರೆ ಎಂತ ಆತದೆ? ಆ ಸಾಲು ತಿರುವು."