ಗುರುಗಳು ಕೊಟ್ಟ ಪಾಸ್‌ವರ್ಡ್

ವಿಶ್ವಾರಾಧ್ಯನ ಪ್ರೋಗ್ರಾಮಿನಲ್ಲಿ ಆ ಸಾಲು ಇನ್ನೂ ಹಾಗೇ ಇತ್ತು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ರಶ್ಮಿ ಅದನ್ನು ನೋಡಿದಳು. ಅವನ ಮನೆದೇವರ ಹೆಸರು, ಪಕ್ಕದಲ್ಲೊಂದು ಅಂಕಿ. ಜ್ಯೋತಿಷ್ಯದ ಗುರುಗಳು ಗುಣಿಸಿ ಕೊಟ್ಟ ಪಾಸ್‌ವರ್ಡ್. ಶಿವಮೊಗ್ಗ, ಭದ್ರಾವತಿಯ ಯಾವ ನರ್ಸಿಂಗ್ ಹೋಮಿಗೆ ಸಾಫ್ಟ್‌ವೇರ್ ಮಾರಿದರೂ ಒಳಗೆ ಅದೇ. ಆಯುಧಪೂಜೆಯ ದಿನ ಸರ್ವರಿಗೆ ವಿಭೂತಿ ಹಚ್ಚಿ, ಆ ಪಾಸ್‌ವರ್ಡನ್ನು ಯಜಮಾನ ವಿಶ್ವಾರಾಧ್ಯ ತಾನೇ ಟೈಪ್ ಮಾಡಿ ಕೈಮುಗಿಯುವುದು ಗೋಪಾಳದ ಆ ಆಫೀಸಿನ ಪದ್ಧತಿ.

"ಅದನ್ನ ಪ್ರೋಗ್ರಾಮಿಂದ ತೆಗೀಬೇಕು ಸರ್" ಎಂದು, ಮೊದಲು ಅಲ್ಲೇ ಕೆಲಸಕ್ಕಿದ್ದ ಅವಳ ಗಂಡ ವೀರೇಂದ್ರ ಎಷ್ಟು ಸಲ ಹೇಳಿದ್ದನೋ. ಒಂದೊಂದು ನರ್ಸಿಂಗ್ ಹೋಮಿಗೆ ಒಂದೊಂದು ಪಾಸ್‌ವರ್ಡ್ ಇರಲಿ. ಅದು ಅವರವರ ಕಂಪ್ಯೂಟರಿನ ಎನ್ವಿರಾನ್‌ಮೆಂಟ್ ವೇರಿಯಬಲ್ ಎಂಬ, ಪ್ರೋಗ್ರಾಮಿನ ಹೊರಗಿನ ಜಾಗದಲ್ಲೇ ಕೂತಿರಲಿ, ಪ್ರೋಗ್ರಾಂ ಬೇಕಾದಾಗ ಅಲ್ಲಿಂದ ಓದಿಕೊಳ್ಳಲಿ. ಆಗ ಪ್ರೋಗ್ರಾಮಿನ ಸೀಡಿ ಯಾರ ಕೈಗೆ ಬಿದ್ದರೂ ಗುಟ್ಟು ಸಿಗದು. ಈಗಿನದು ಬೀಗಕ್ಕೇ ಬೀಗದ ಕೈ ಕಟ್ಟಿ ಮಾರಿದ ಹಾಗೆ.

"ಗುರುಗಳು ಕೊಟ್ಟ ಅಕ್ಷರ ಮಾರಾಯ. ಮುಟ್ಟಬೇಡ" ಎನ್ನುತ್ತಿದ್ದ ವಿಶ್ವಾರಾಧ್ಯ.

ಆಮೇಲೆ ಭದ್ರಾವತಿಯ ಡಾಕ್ಟರ್ ದಾಕ್ಷಾಯಣಿಯವರ ನರ್ಸಿಂಗ್ ಹೋಮಿನಿಂದ ಒಬ್ಬ ಹುಡುಗಿಯ ಲ್ಯಾಬ್ ರಿಪೋರ್ಟು ಹೊರಬಿತ್ತು. ನಿಶ್ಚಯವಾಗಿದ್ದ ಮದುವೆ ಮುರಿಯಿತು. ಪಾಸ್‌ವರ್ಡ್ ಮಾರಿಕೊಂಡಿದ್ದಾನೆ ಎಂದು ವಿಶ್ವಾರಾಧ್ಯ ವೀರೇಂದ್ರನ ಕಡೆ ಕೈ ತೋರಿಸಿದ. ಕೆಲಸ ಹೋದ ತಿಂಗಳಲ್ಲೇ ಮಾಚೇನಹಳ್ಳಿ ಹತ್ತಿರ ವೀರೇಂದ್ರನಿಗೆ ಲಾರಿ ಬಂದು ಹೊಡೆಯಿತು. ಅವರ ಮನೆಯಿದ್ದ ಕಾಗದನಗರದ ಕ್ವಾರ್ಟರ್ಸಿನಲ್ಲಿ ಮಾತ್ರ, ಮಾನಕ್ಕೆ ಹೆದರಿ ಅವನೇ ಅಡ್ಡ ಹೋದ ಎಂದಾಯಿತು. ಹೆಣ ಇನ್ನೂ ಅಂಗಳದಲ್ಲಿರುವಾಗಲೇ ಪಕ್ಕದ ಮನೆಯ ಹಾಲಮ್ಮ ಅಂದಿದ್ದಳು: "ಹೆಣ್ಣು ಮಗಿನ ಶಾಪ, ಸುಮ್ನೆ ಬಿಡುತ್ತಾ?"

ವರ್ಷ ಕಳೆದ ಮೇಲೆ ವಿಶ್ವಾರಾಧ್ಯನೇ ರಶ್ಮಿಯನ್ನು ಕರೆದು ಕೆಲಸ ಕೊಟ್ಟ. "ಎಂಸಿಎ ಓದಿದೀಯ. ನಾನು ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲಮ್ಮ."

ರಶ್ಮಿ ಇಟ್ಟುಕೊಂಡಿದ್ದಳು. ಅದಕ್ಕೇ ಸೇರಿದಳು.

ಎಲ್ಲರೂ ಊಟಕ್ಕೆ ಹೋದಾಗ ಆ ಪಾಸ್‌ವರ್ಡ್ ಹಾಕಿ ನೋಡಿದಳು. ಬ್ರಾಡ್‌ಬ್ಯಾಂಡಿನ ಆ ತುದಿಯಲ್ಲಿ ದಾಕ್ಷಾಯಣಿಯವರ ನರ್ಸಿಂಗ್ ಹೋಮು ಪೂರಾ ತೆರೆದುಕೊಂಡಿತು. ಎಲ್ಲ ಅಳಿಸಿಬಿಟ್ಟರೆ ಸಂಜೆಯೊಳಗೆ ವಿಶ್ವಾರಾಧ್ಯ ಬೀದಿಗೆ ಬೀಳುತ್ತಾನೆ. ಪರದೆಯ ಮೇಲೆ ರೋಗಿಗಳ ಹೆಸರುಗಳು ಸರಿಯುತ್ತಿದ್ದವು. ಹಾಲಮ್ಮ, ಕಾಗದನಗರ. ಓದಬಾರದಿತ್ತು, ಓದಿದಳು. ಊರಿಗೆಲ್ಲ ಮುಚ್ಚಿಟ್ಟ ಕಾಯಿಲೆ. ಬೀದಿಯಲ್ಲಿ ಒಂದು ಮಾತು ಉದುರಿಸಿದರೆ ಸಾಕಿತ್ತು. ಅದರ ರುಚಿ ನಾಲಿಗೆಯವರೆಗೂ ಬಂತು.

ಹಾಗೆ ಮಾಡಿದರೆ ವೀರೇಂದ್ರನ ಮೇಲೆ ಹೊರಿಸಿದ್ದನ್ನು ಅವನ ಹೆಂಡತಿಯೇ ನಿಜ ಮಾಡಿದಂತೆ. ಅಳಿಸಿದರೂ ಅಷ್ಟೇ, ವಿಶ್ವಾರಾಧ್ಯ ಮೋಸಹೋದ ಬಡಪಾಯಿಯಾಗುತ್ತಾನೆ. ಅವಳಿಗೆ ಬೇಕಾದದ್ದು ಅವನ ಬಾಯಿಂದ, ಜನರ ಮುಂದೆ, ಒಂದು ಮಾತು. ಕಂಪ್ಯೂಟರ್ ಆರಿಸಿದಳು.

ಸಾಫ್ಟ್‌ವೇರಿನ ಹೊಸ ಆವೃತ್ತಿಯನ್ನು ನರ್ಸಿಂಗ್ ಹೋಮುಗಳಿಗೆ ಹೋಗಿ ಹಾಕುವ ಕೆಲಸ ಅವಳ ಪಾಲಿಗೆ ಬಂತು. ಹೋದಲ್ಲೆಲ್ಲ ಹಳೆಯ ಪಾಸ್‌ವರ್ಡ್ ಕಿತ್ತುಹಾಕಿ, ವೀರೇಂದ್ರ ಹೇಳಿದ್ದ ಹಾಗೇ ಮಾಡಿದಳು. "ನಿಮ್ಮ ಪಾಸ್‌ವರ್ಡ್ ನೀವೇ ಹಾಕಿ ಡಾಕ್ಟ್ರೇ. ನಂಗೂ ಹೇಳಬೇಡಿ" ಎಂದು ಗೋಡೆಗೆ ಮುಖ ಮಾಡಿ ನಿಂತಳು.

ದಾಕ್ಷಾಯಣಿ ನಕ್ಕರು. "ಇದೇನ್ ಮಾರಾಯ್ತಿ, ಬಚ್ಚಲಮನೆ ಕಾಯೋಳ ಥರ ನಿಂತಿದೀಯ!"

ಎಲ್ಲ ಕಡೆ ಹಾಕಿ ಮುಗಿದ ಮೇಲೆ, ಅದರ ಸೀಡಿ ಬಿಡುಗಡೆಯ ಸಮಾರಂಭಕ್ಕೆ ಮುಂಚೆ, ವಿಶ್ವಾರಾಧ್ಯ ಪ್ರೋಗ್ರಾಂ ತೆರೆದು ನೋಡಿದ. "ಗುರುಗಳ ಸಾಲು ಎಲ್ಲಿ?"

"ಬೇಡ ಸರ್. ಯಾರು ಬೇಕಾದ್ರೂ ಓದಬಹುದು."

"ಗಂಡನ ರಾಗ ತೆಗೀಬೇಡ. ಹಾಕು."

ಹಾಕಿದಳು. ಆ ಪಾಸ್‌ವರ್ಡಿಗೆ ತೆರೆಯಲು ಈಗ ಯಾವ ಬಾಗಿಲೂ ಉಳಿದಿಲ್ಲವೆಂದು ಮಾತ್ರ ಹೇಳಲಿಲ್ಲ.

ಆಲ್ಕೊಳದ ಹೋಟೆಲಿನಲ್ಲಿ ಸಮಾರಂಭ. ಡಾಕ್ಟರುಗಳಿಗೆಲ್ಲ ಸೀಡಿ ಹಂಚಿ, ವಿಶ್ವಾರಾಧ್ಯ ಭಾಷಣ ಮುಗಿಸಿದ. ಹೊಸದೇನಿದೆ ಎಂದು ತೋರಿಸುವ ಸರದಿ ರಶ್ಮಿಯದು. ದಾಕ್ಷಾಯಣಿಯವರ ಕೈಯಲ್ಲಿದ್ದ ಸೀಡಿಯನ್ನೇ ಇಸಕೊಂಡು, ಅದರಲ್ಲಿದ್ದ ಪ್ರೋಗ್ರಾಮನ್ನು ನೋಟ್‌ಪ್ಯಾಡಿನಲ್ಲಿ ತೆರೆದಳು. ದೊಡ್ಡ ಪರದೆಯ ಮೇಲೆ, ತಲೆಬುಡವಿಲ್ಲದ ಚಿಹ್ನೆಗಳ ನಡುವೆ ಮನೆದೇವರ ಹೆಸರು ಸ್ಪಷ್ಟವಾಗಿ ಕಂಡಿತು.

"ಇದು ಮೊನ್ನೆವರೆಗೂ ನಿಮ್ಮೆಲ್ಲರ ಪಾಸ್‌ವರ್ಡ್. ಹಳೇ ಸೀಡಿಗಳಲ್ಲೂ ಹೀಗೇ ಇದೆ. ಯಾರೂ ಯಾರಿಗೂ ಮಾರೋದು ಬೇಕಿರಲಿಲ್ಲ. ಹೆದರಬೇಡಿ, ಈಗ ಇದು ಕೆಲಸ ಮಾಡಲ್ಲ."

"ಹಾಗಾದ್ರೆ ಆ ಹುಡುಗ?" ದಾಕ್ಷಾಯಣಿ ಎದ್ದು ನಿಂತರು.

ವಿಶ್ವಾರಾಧ್ಯ ನಗಲು ನೋಡಿದ. "ಯಾವ ಹುಡುಗ ಡಾಕ್ಟ್ರೇ?"

"ನನ್ನೆದುರಿಗೆ ಕಳ್ಳ ಅಂದ್ರಲ್ಲ, ಅವನು ಕಣ್ರೀ."

ಅವನು ರಶ್ಮಿಯ ಹತ್ತಿರ ಬಂದು ಹಲ್ಲು ಕಚ್ಚಿ ಕೇಳಿದ. "ಹೊಸ ಪಾಸ್‌ವರ್ಡ್ ಏನು?"

"ಗೊತ್ತಿಲ್ಲ ಸರ್. ಅವರವರೇ ಹಾಕ್ಕೊಂಡಿದಾರೆ."

"ನನ್ನ ಸಾಫ್ಟ್‌ವೇರ್ ಕಣೇ ಅದು!"

"ಗುಟ್ಟು ಅವರದು."

"ಏನು ಬೇಕು ನಿಂಗೆ?"

"ಕಾಗದನಗರಕ್ಕೆ ಬನ್ನಿ. ನಮ್ಮತ್ತೆ ಮುಂದೆ ಹೇಳಿ."

ಅವನು ದಾಕ್ಷಾಯಣಿಯವರ ಮುಖ ನೋಡಿದ. "ಹೋಗಿಬನ್ನಿ" ಎಂದರು ಅವರು. "ನಿಮ್ಮ ಸಾಫ್ಟ್‌ವೇರ್ ಇಟ್ಕೋಬೇಕೋ ಬೇಡ್ವೋ, ಆಮೇಲೆ ಮಾತಾಡೋಣ." ಉಳಿದ ಡಾಕ್ಟರುಗಳೂ ತಲೆಯಾಡಿಸಿದರು.

ಕಾಗದನಗರದಲ್ಲಿ ಕಾರು ನಿಂತಾಗ ನಲ್ಲಿಯಲ್ಲಿ ನೀರು ಬಿಟ್ಟ ಹೊತ್ತು; ಬೀದಿ ತುಂಬ ಕೊಡ, ಜನ. ಅತ್ತೆ ಜಗದಾಂಬಾ ಬಾಗಿಲಿಗೆ ಬಂದರು. ಬಂದವನು ಯಾರೆಂದು ಗೊತ್ತಾಗಿಯೂ, ರೂಢಿಗೆ ಬಿದ್ದ ಬಾಯಿ "ಒಳಗೆ ಬನ್ನಿ" ಎಂದಿತು. ವಿಶ್ವಾರಾಧ್ಯ ಲಗುಬಗೆಯಿಂದ ಚಪ್ಪಲಿ ಬಿಟ್ಟ.

ರಶ್ಮಿ ಹೊಸಿಲಿಗೆ ಅಡ್ಡ ನಿಂತಳು. "ಬೇಡ ಅತ್ತೆ. ಇಲ್ಲೇ ಹೇಳಲಿ."

ಅವನು ಏನೋ ಗೊಣಗಿದ.

"ಜೋರಾಗಿ ಸರ್."

"ವೀರೇಂದ್ರ ಏನೂ ಮಾರಿಲ್ಲ. ತಪ್ಪು ನಂದು."

ಹಾಲಮ್ಮ ಸರಿಯಾಗಿ ಕೇಳಿಸಲೆಂದು ನಲ್ಲಿ ನಿಲ್ಲಿಸಿದಳು.

"ಇನ್ನೊಂದ್ಸಲ" ಎಂದಳು ರಶ್ಮಿ.