ಎರಡು ತಲೆಯ ವೈರು

ಗಾಳಿಮಳೆಗೆ ಕರೆಂಟು ಹೋಗಿ ಅಂದಿಗೆ ಐದನೆಯ ದಿನ. ಬಾಳೆಲೆ ಊರಿನ ಆಚೆ, ಕಾಫಿ ತೋಟದ ಅಂಚಿನಲ್ಲಿ, ಲೈನ್‌ಮನ್ ಪುಟ್ಟರಾಜು ಕಂಬದ ಬುಡದಲ್ಲಿ ನಿಂತು ಫೋನಿನಲ್ಲಿ ಬಂದ ಬೈಗುಳ ಓದುತ್ತಿದ್ದ. ಊರಿನ ವಾಟ್ಸಾಪ್ ಗುಂಪಿನಲ್ಲಿ ಅವನ ಫೋಟೋ ಬಿದ್ದಿತ್ತು: ಹಿಂದಿನ ದಿನ ಬಸ್‌ಸ್ಟಾಪಿನಲ್ಲಿ ಬುತ್ತಿ ಬಿಚ್ಚಿ ಕೂತದ್ದು. ಕೆಳಗೆ ಅನಂತಕೃಷ್ಣರ ಒಕ್ಕಣೆ: "ಊರು ಕತ್ತಲಲ್ಲಿದೆ. ಇವರಿಗೆ ಊಟದ ಹೊತ್ತು."

ಮಡಿಕೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿ, ನಾಲ್ಕು ಎಕರೆ ತೋಟ ಕೊಂಡು ಇಲ್ಲಿ ನೆಲೆಸಿದವರು ಅನಂತಕೃಷ್ಣ. ಮರ ಬಿದ್ದು ಕಡಿದುಹೋದ ಈ ಲೈನಿನ ಕೊನೆಯ ಮನೆ ಅವರದೇ. ಐದು ದಿನ ಕೆಸರಿನಲ್ಲಿ ಕಂಬ ಹೊತ್ತವನು ಒಂದು ತುತ್ತು ತಿನ್ನಲೂ ಇವರ ಅಪ್ಪಣೆ ಕೇಳಬೇಕೆ? ಪುಟ್ಟರಾಜುವಿಗೆ ಮೈಯೆಲ್ಲ ಉರಿಯಿತು.

"ಬೇಗ ಹತ್ತು ಬೆಳ್ಳಿಯಪ್ಪಣ್ಣ. ದೀಪ ಹತ್ತಿದ್ರೆ ಆವಯ್ಯನ ಬಾಯಾದ್ರೂ ಮುಚ್ಚುತ್ತೆ," ಎಂದ.

ಜೊತೆಯ ಬೆಳ್ಳಿಯಪ್ಪ ಅವನಿಗಿಂತ ಹತ್ತು ವರ್ಷ ಹಿರಿಯ. ಟ್ರಾನ್ಸ್‌ಫಾರ್ಮರಿನ ಫ್ಯೂಸನ್ನು ಕಿತ್ತು ತಂದು ಜೇಬಿನಲ್ಲಿಟ್ಟುಕೊಂಡಿದ್ದರೂ, ತಂತಿಯ ಮೇಲೆ ಚೈನು ಎಸೆಯದೆ ಕಂಬ ಮುಟ್ಟುವ ಆಸಾಮಿಯಲ್ಲ. ಚೈನಿನ ಒಂದು ತುದಿ ನೆಲಕ್ಕೆ ಹೊಡೆದ ಸಲಾಕೆಗೆ, ಇನ್ನೊಂದು ತಂತಿಯ ಮೇಲೆ. ಎಲ್ಲಾದರೂ ಕರೆಂಟು ಉಳಿದಿದ್ದರೆ ಅದು ಅಲ್ಲೇ ತಿಳಿಯುತ್ತದೆ. ಬೇರೆ ತಂಡದವರು ಇದನ್ನು ಬೆಳ್ಳಿಯಪ್ಪನ ಪೂಜೆ ಎಂದು ಆಡಿಕೊಳ್ಳುತ್ತಿದ್ದರು.

"ಫ್ಯೂಸು ನಿನ್ ಜೇಬಲ್ಲೇ ಐತಲ್ಲಣ್ಣ. ಇವತ್ತೊಂದಿನ ಆ ಪೂಜೆ ಬಿಡು."

"ಜೇಬಲ್ಲಿ ಇರೋದು ಫ್ಯೂಸು ಮಾರಾಯ, ನನ್ನ ಜೀವ ಅಲ್ಲ," ಎಂದು ಬೆಳ್ಳಿಯಪ್ಪ ಚೈನು ಬೀಸಿ ಎಸೆದ.

ಚಟೀರ್ ಎಂದು ನೀಲಿ ಕಿಡಿ ಹಾರಿತು. ಸತ್ತ ತಂತಿಯಲ್ಲಿ ಕರೆಂಟು! ಮರುಕ್ಷಣವೇ ಅನಂತಕೃಷ್ಣರ ಮನೆಯ ಕಡೆಯಿಂದ ಬರುತ್ತಿದ್ದ ಜನರೇಟರಿನ ಸದ್ದು ಏದುಸಿರು ಬಿಟ್ಟು ನಿಂತುಹೋಯಿತು. ಇಷ್ಟು ಹೊತ್ತು ಆ ಸದ್ದು ಕಿವಿಗೆ ಬೀಳುತ್ತಲೇ ಇತ್ತು, ಆದರೆ ಇಬ್ಬರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತಾನು ಹೇಳಿದಂತೆ ಕೇಳಿದ್ದರೆ ಬೆಳ್ಳಿಯಪ್ಪ ಈಗ ಕಂಬದ ಮೇಲೆ ಹೆಣವಾಗಿರುತ್ತಿದ್ದ ಎಂಬುದು ಹೊಳೆದದ್ದೇ, ಪುಟ್ಟರಾಜುವಿಗೆ ಪಿತ್ತ ನೆತ್ತಿಗೇರಿತು. ಗೇಟನ್ನು ಒದ್ದುಕೊಂಡೇ ಒಳಗೆ ನುಗ್ಗಿದ.

ಜಗಲಿಯಲ್ಲಿ ಜನರೇಟರಿತ್ತು. ಅದರಿಂದ ಹೊರಟ ವೈರಿಗೆ ಎರಡೂ ತುದಿಯಲ್ಲಿ ಪ್ಲಗ್ಗು. ಒಂದು ಜನರೇಟರಿಗೆ, ಇನ್ನೊಂದು ಗೋಡೆಯ ಸಾಕೆಟ್ಟಿಗೆ. ಮೀಟರಿನ ಪಕ್ಕದ ಮೇನ್ ಸ್ವಿಚ್ಚು ಆನ್ ಆಗಿಯೇ ಇತ್ತು. ಮನೆಗೆ ಕೊಟ್ಟ ಕರೆಂಟು ಅದರ ಮೂಲಕ ಸೀದಾ ಕಂಬಕ್ಕೆ ಹರಿದಿತ್ತು.

"ಮೇನ್ ಆಫ್ ಮಾಡೋಕೆ ಏನ್ ರೋಗ ನಿಮಗೆ?"

"ಮರ್ಯಾದೆ ಕೊಟ್ಟು ಮಾತಾಡಪ್ಪಾ," ಎಂದರು ಅನಂತಕೃಷ್ಣ. "ಮೇನ್ ಆಫ್ ಮಾಡಿದ್ರೆ ಲೈನಿಗೆ ಕರೆಂಟು ಬಂದದ್ದು ನಮಗೆ ಗೊತ್ತಾಗೋದು ಹೇಗೆ?"

"ಹೆಣ ಬಿದ್ದಾಗ ಗೊತ್ತಾಗ್ತಿತ್ತು! ಬುತ್ತಿ ತಿಂದಿದ್ದಕ್ಕೆ ಫೋಟೋ ಹಾಕ್ತೀರಲ್ಲ, ಸತ್ತಿದ್ರೆ ಅದನ್ನೂ ಹಾಕ್ತಿದ್ರಾ?" ಪುಟ್ಟರಾಜು ವೈರನ್ನು ಎರಡೂ ಕಡೆಯಿಂದ ಕಿತ್ತು ಅವರ ಮುಖದ ಮುಂದೆ ಹಿಡಿದ. "ಯಾವ ಕಟುಕ ಮಾಡ್ಕೊಟ್ಟಿದ್ದು ಇದನ್ನ? ಹೆಸರು ಹೇಳಿ. ಅವನ ಕೈ ಮುರೀತೀನಿ!"

ಅನಂತಕೃಷ್ಣ ಹೆಂಡತಿಯ ಮುಖ ನೋಡಿದರು. ಪದ್ಮಾಕ್ಷಿ ಬಾಗಿಲಲ್ಲಿ ನಿಂತಿದ್ದರು.

"ನೀವೇ ಅಲ್ವೇನ್ರೀ ಪುಟ್ಟರಾಜು," ಎಂದರು ಮೆಲ್ಲಗೆ. "ಮೂರು ವರ್ಷದ ಹಿಂದೆ, ಇಂಥದೇ ಮಳೆ. ನಮ್ಮತ್ತೆಯ ಆಕ್ಸಿಜನ್ ಮಿಷನ್ ನಿಲ್ಲಬಾರದು ಅಂತ ಕೂತು ಮಾಡಿಕೊಟ್ರಿ. ಒಂದು ಲೋಟ ಕಾಫೀನೂ ಕುಡೀದೆ ಹೋದ್ರಿ."

ಪುಟ್ಟರಾಜು ವೈರಿನ ತುದಿ ನೋಡಿದ. ಮೂರು ಸುತ್ತು ಕೆಂಪು ಟೇಪು, ಅದರ ಮೇಲೊಂದು ಸುತ್ತು ಹಳದಿ. ಹಾಗೆ ಸುತ್ತುವವನು ಆ ಸೀಮೆಗೆಲ್ಲ ಅವನೊಬ್ಬನೇ.

ಕಂಬದ ಹತ್ತಿರ ಬಂದು ವೈರನ್ನು ಬೆಳ್ಳಿಯಪ್ಪನ ಮುಂದೆ ಹಾಕಿದ. "ನಾನೇ ಮಾಡ್ಕೊಟ್ಟಿದ್ದಣ್ಣ, ಮರ್ತೇ ಹೋಗಿತ್ತು. ಮೇನ್ ಆಫ್ ಮಾಡಿ ಅಂತ ಹೇಳಿದ್ದೆ."

ಬೆಳ್ಳಿಯಪ್ಪ ವೈರನ್ನು ಎತ್ತಿ ನೋಡಿದ. ಆಮೇಲೆ ಒಂದೇ ಮಾತು ಕೇಳಿದ.

"ಇನ್ನೆಷ್ಟು ಮನೆಗೆ ಕೊಟ್ಟಿದ್ದೀಯ?"

ಪುಟ್ಟರಾಜು ನೆನಪಿಸಿಕೊಂಡ. ಇನ್ನೂ ಒಂದು ಮನೆ, ತೀರ್ಥಪ್ರಸಾದರದು. ಆ ಲೈನಿನ ಮೇಲೆ ಇವತ್ತು ಬೇರೆ ತಂಡದ ಹುಡುಗ ನವೀನ್ ಕೆಲಸ ಮಾಡುತ್ತಿದ್ದಾನೆ. ನವೀನನ ಬಳಿ ಚೈನಿಲ್ಲ. ಫೋನು ಹಚ್ಚಿದರೆ ರಿಂಗೇ ಆಗಲಿಲ್ಲ. ಬೆಳ್ಳಿಯಪ್ಪ ಚೈನನ್ನು ಇಳಿಸಿ ಸುತ್ತಿ ಅವನ ಕೈಗಿಟ್ಟು, "ಓಡು," ಎಂದ.

ಬಿದ್ದ ಮರಗಳ ಸಂದಿಯಲ್ಲಿ ಬೈಕು ಜಾರುತ್ತಿತ್ತು. ಅನಂತಕೃಷ್ಣರಿಗೆ ಬೈದದ್ದನ್ನೆಲ್ಲ ಪುಟ್ಟರಾಜು ದಾರಿಯುದ್ದಕ್ಕೂ ತನಗೇ ಬೈದುಕೊಂಡ. ಕಟುಕ ಎಂಬ ಮಾತು ಮಾತ್ರ ಬಾಯಿಗೆ ಬರಲಿಲ್ಲ. ತಿರುವು ದಾಟುತ್ತಲೇ ತೀರ್ಥಪ್ರಸಾದರ ಮನೆಯ ಜನರೇಟರಿನ ಸದ್ದು ಕೇಳಿಸಿತು.

ಏಣಿ ಕಂಬಕ್ಕೆ ಒರಗಿತ್ತು. ಅದರ ಬುಡದಲ್ಲಿ ಕೂತು ನವೀನ್ ಬುತ್ತಿ ತಿನ್ನುತ್ತಿದ್ದ.

"ಹೊಟ್ಟೆ ಹಸೀತು ಪುಟ್ಟಣ್ಣ. ತಿಂದು ಹತ್ತೋಣ ಅಂತ," ಎಂದು ಕಳ್ಳತನ ಮಾಡಿದವನಂತೆ ಡಬ್ಬಿ ಮುಚ್ಚಲು ಹೋದ. ರಸ್ತೆಯಾಚೆ ಯಾರೋ ನಿಂತು ಫೋನು ಎತ್ತಿ ಅವನ ಫೋಟೋ ತೆಗೆಯುತ್ತಿದ್ದರು.

ಪುಟ್ಟರಾಜು ಹೋಗಿ ಆ ಫೋನಿಗೆ ಅಡ್ಡವಾಗಿ ನಿಂತ.

"ತಿನ್ನು," ಎಂದ. "ನಿಧಾನಕ್ಕೆ ತಿನ್ನು."