ಗೋಡೆಯ ಮೇಲಿದ್ದವರು

“ಇವರ್ಯಾರು?” ಎಂದು ಸತ್ಯಪ್ಪ ಮಾಸ್ತರರು ಕೇಳಿದರು.

ಚಿತ್ರವನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ಕೈ ನಡುಗುತ್ತಿದ್ದುದರಿಂದ ಕೋಟೆಗೋಡೆಯ ಮೇಲಿನ ಸಣ್ಣ ಸಣ್ಣ ಮನುಷ್ಯರು ಅಲುಗಾಡಿದಂತೆ ಕಾಣುತ್ತಿತ್ತು. ಒಬ್ಬ ಮುದುಕ ಹಣೆಗೆ ಕೈ ಅಡ್ಡ ಹಿಡಿದು ಕೆಳಗೆ ನೋಡುತ್ತಿದ್ದ. ಒಬ್ಬಾಕೆ ಬಟ್ಟೆ ಒಣಹಾಕುವುದನ್ನು ಅರ್ಧಕ್ಕೆ ಬಿಟ್ಟು ನಿಂತಿದ್ದಳು. ಇನ್ನೊಬ್ಬಾಕೆ ಮಗಳ ತಲೆ ಬಾಚುತ್ತಿದ್ದಳು. ಹುಡುಗಿಗೆ ಬಗ್ಗಿ ನೋಡುವ ಆಸೆ, ತಾಯಿ ಜಡೆ ಬಿಡಳು.

“ಯೆರಿಕೋದ ಮಂದಿರೀ ಸರ್,” ಎಂದಳು ಸಂಯಮ. “ದಿನಾ ಒಂದು ದಂಡು ಬಂದು ಊರು ಸುತ್ತಾಕತ್ತಿದ್ರ ಮಂದಿ ಗೋಡಿ ಹತ್ತಿ ನೋಡಿರತಾರಲ್ಲ.”

ಮಾಸ್ತರರು ಬೆಳಗಾವಿಯ ಟಿಳಕವಾಡಿಯ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸಿ, ನಿವೃತ್ತರಾದ ಮೇಲೆ ಖಾನಾಪುರಕ್ಕೆ ಬಂದು ಚರ್ಚಿನ ಹಿಂದಿನ ಈ ಮನೆಯಲ್ಲಿದ್ದರು. ಭಾನುವಾರದ ಶಾಲೆಯ ಮಕ್ಕಳಿಗಾಗಿ ಬೈಬಲ್ಲಿನ ಹಳೆ ಒಡಂಬಡಿಕೆಯ ಕಥೆಗಳ ಒಂದು ಚಿತ್ರಪುಸ್ತಕ ಮಾಡಬೇಕೆಂಬುದು ಅವರ ಬಹುದಿನದ ಆಸೆ. ಕಥೆ ಬರೆದು ಮುಗಿಸುವ ಹೊತ್ತಿಗೆ ಕೈಗೆ ನಡುಕದ ಬೇನೆ ಬಂತು. ಆಗ ಅವರಿಗೆ ನೆನಪಾದವಳು ಸಂಯಮ, ಬೆಳಗಾವಿ ಶಹಾಪುರದ ಜೈನರ ಹುಡುಗಿ. ಪೆನ್ಸಿಲ್ ಹಿಡಿಯುವುದನ್ನು ಅವಳಿಗೆ ಅವರೇ ಕಲಿಸಿದ್ದರು. ಈಗ ಅವಳು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದೇ ಬದುಕುತ್ತಿದ್ದಳು. ಕರೆದ ಕೂಡಲೇ ಬಂದಿದ್ದಳು.

ಉಳಿದ ಚಿತ್ರಗಳೆಲ್ಲ ಸಲೀಸಾಗಿ ಆಗಿದ್ದವು. ಈ ಕಥೆ ಮಾತ್ರ ಅಡ್ಡ ನಿಂತಿತ್ತು. ಮಾಸ್ತರರ ಬರಹದಲ್ಲಿ ದೇವರ ಜನರ ದಂಡು ಯೆರಿಕೋ ಊರನ್ನು ಸುತ್ತಿ, ಏಳನೆಯ ದಿನ ಕಹಳೆ ಊದಿ ಕೂಗು ಹಾಕಿ, ಗೋಡೆ ಬಿದ್ದು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸಂಯಮ ಮೂಲ ಓದಿದ್ದಳು. ಗೋಡೆ ಬಿದ್ದ ಮೇಲೆ ಒಂದು ಮನೆಯವರನ್ನು ಬಿಟ್ಟು ಊರಿನ ಗಂಡಸರು, ಹೆಂಗಸರು, ಮುದುಕರು, ಮಕ್ಕಳು, ಎತ್ತು ಕುರಿ ಕತ್ತೆ ಸಹ ಕತ್ತಿಗೆ ಬಲಿಯಾಗಿದ್ದರು. ಅದು ದೇವರ ಅಪ್ಪಣೆಯೆಂದೇ ಅಲ್ಲಿತ್ತು.

“ನಾ ಏನ್ ಹೇಳಿದ್ದೆ? ಗೋಡಿ, ಕಹಳಿ, ಧೂಳು. ಸಣ್ಣ ಹುಡುಗರು ನೋಡೂ ಪುಸ್ತಕ ಇದು.”

“ಆಮ್ಯಾಲೆ ಏನಾತು ಅಂತ ಹುಡುಗರು ಕೇಳಿದ್ರ?”

“ಇಷ್ಟ ವರ್ಷ ಹೇಳೇನಿ ಈ ಕಥಿ. ಯಾರೂ ಕೇಳಿಲ್ಲ.” ಮಾಸ್ತರರು ಚಿತ್ರ ಕೆಳಗಿಟ್ಟರು. “ಆ ಊರು ಪಾಪದಾಗ ಮುಳುಗಿತ್ತು. ದೇವರು ಭಾಳ ಕಾದ. ಆಮ್ಯಾಲೆ ಶಿಕ್ಷಾ ಕೊಟ್ಟ.”

“ಕೂಸುಗಳಿಗೂ ಏನ್ರಿ?”

ಮಾಸ್ತರರ ಮುಖ ಬಿಗಿಯಿತು. “ಜಲಪ್ರಳಯದ ಹಡಗಿನ ಚಿತ್ರಾ ಬರಿಯೂವಾಗ ನೀರಾಗ ಮುಳುಗಿದವರನ್ನ ಕೇಳಲಿಲ್ಲಲ್ಲ ನೀ. ಆನಿ, ಒಂಟಿ ಅಂತ ಖುಷೀಲೆ ಬರದಿ.”

ಸಂಯಮ ಚಿತ್ರವನ್ನು ತನ್ನ ಕಡೆಗೆ ಎಳೆದುಕೊಂಡಳು. ಮಾಸ್ತರರು ಮಾತು ನಿಲ್ಲಿಸಲಿಲ್ಲ.

“ನಿಮ್ಮವ್ವನ ಊರ ಬಸದಿ ಮುಂದ ವೀರಗಲ್ಲ ಐತಲ್ಲ. ಸಾಲ್ಯಾಗಿದ್ದಾಗ ಕರಕೊಂಡು ಹೋಗಿ ಬರಿಸಿದ್ದೆ. ಕುದುರಿ ಕಾಲಾಗ ಬಿದ್ದವರನ್ನ ನೀ ಹೆಂಗ ಬರದಿದ್ದಿ, ನೆನಪೈತೇನು?”

ನೆನಪಿತ್ತು. ಕುದುರೆಯ ಮೇಲಿನ ವೀರನನ್ನೂ ಅವನನ್ನು ಸ್ವರ್ಗಕ್ಕೆ ಒಯ್ಯುವ ಚಾಮರದ ಹೆಂಗಸರನ್ನೂ ಅವಳು ಮಧ್ಯಾಹ್ನವೆಲ್ಲ ಕುಳಿತು ತಿದ್ದಿದ್ದಳು. ಕೆಳಗೆ ಬಿದ್ದವರಿಗೆ ನಾಲ್ಕು ಗೀಟು ಎಳೆದು ಮುಗಿಸಿದ್ದಳು. ಈಗ ಅವಳು ಯೆರಿಕೋದ ಚಿತ್ರವನ್ನು ಅಲ್ಲೇ ಬಿಟ್ಟು, ಬರುತ್ತೇನೆಂದು ಸಹ ಹೇಳದೆ ಎದ್ದು ಹೊರಟಳು.

ಬೆಳಗಾವಿಯ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗದೆ ಬಾಗಿಲ ಬಳಿ ನಿಂತೇ ಬಂದಳು. ಮನೆಯಲ್ಲಿ ತಂದೆ ಜಿನಪ್ಪ ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕುಳಿತು, ಸಾಲುಗಟ್ಟಿ ಬಂದ ಇರುವೆಗಳನ್ನು ನವಿಲುಗರಿಯಿಂದ ಪಕ್ಕಕ್ಕೆ ಸರಿಸುತ್ತಿದ್ದರು.

“ಅಪ್ಪಾ, ಹಿಂದ ನಮ್ಮ ಜೈನರೂ ಯುದ್ಧದಾಗ ಮಂದಿನ್ನ ಕೊಂದಾರಲ್ಲ. ಅದಕ್ಕ ಏನಂತೀರಿ?”

“ಅದು ನಾಡು ಕಾಯೂ ಸಲುವಾಗಿ ಮಾಡಿದ್ದು. ಧರ್ಮದ ಕೆಲಸ,” ಎಂದರು ಜಿನಪ್ಪ, ತಲೆ ಎತ್ತದೆ. “ಅದಕ್ಕ ಹಿಂಸಾ ಅನ್ನಂಗಿಲ್ಲ.”

ಅಷ್ಟೇ ನಿಶ್ಚಿಂತೆಯ ದನಿಯನ್ನು ಅವಳು ಸ್ವಲ್ಪ ಹೊತ್ತಿನ ಹಿಂದೆ ಖಾನಾಪುರದಲ್ಲಿ ಕೇಳಿ ಬಂದಿದ್ದಳು.

ಆ ವಾರ ಅವಳಿಗೆ ಯಾವ ಕೆಲಸವೂ ಹತ್ತಲಿಲ್ಲ. ಬಣ್ಣ ಕಲಸುವಳು, ಒಣಗಲು ಬಿಡುವಳು. ಕೋಣೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಕೋಣೆಗೆ ಓಡಾಡುವಳು. ಓಣಿಯ ಮಗ್ಗಗಳ ಖಟಖಟ ಹುಟ್ಟಿದಾಗಿನಿಂದ ಕೇಳಿದ್ದು. ಈಗ ಅದೂ ತಲೆಗೆ ಬಡಿಯುತ್ತಿತ್ತು. ಮಾಸ್ತರರು ತಮ್ಮ ಜೀವಮಾನದಲ್ಲಿ ಅವಳನ್ನು ಕೇಳಿದ್ದು ಇದೊಂದನ್ನೇ. ಅವರಿಗಿರುವ ಕೈ ಈಗ ಅವಳದೇ. ಒಂದು ಬೆಳಿಗ್ಗೆ ಪಟ್ಟು ಹಿಡಿದು ಕುಳಿತು, ಎದ್ದೇಳದೆ, ಅವರು ಹೇಳಿದಂತೆಯೇ ಬರೆದಳು. ಬಿರುಕು ಬಿಟ್ಟು ವಾಲಿದ ಗೋಡೆ, ಹೊಳೆಯುವ ಕಹಳೆಗಳು, ಚಿನ್ನದ ಧೂಳು. ಒಬ್ಬ ಮನುಷ್ಯನೂ ಇಲ್ಲದ ಊರು. ಇಡೀ ಪುಸ್ತಕದಲ್ಲೇ ಚೆಂದದ ಚಿತ್ರ ಅದಾಯಿತು. ಅದು ಅಷ್ಟು ಸುಲಭವಾಗಿ ಬಂದದ್ದೇ ಅವಳನ್ನು ಕೂರಗೊಡದೆ ಮತ್ತೆ ಎಬ್ಬಿಸಿತು. ಚಿತ್ರವನ್ನು ಚೀಲಕ್ಕೆ ಹಾಕಿಕೊಂಡು ಖಾನಾಪುರದ ಬಸ್ ಹಿಡಿದಳು.

ಮಾಸ್ತರರು ಪಡಸಾಲೆಯಲ್ಲಿ ಹಲಗೆಯ ಮುಂದೆ ಕುಳಿತಿದ್ದರು. ಹಲಗೆಯ ಮೇಲೆ ಅವಳ ಹಳೆಯ ಚಿತ್ರವಿತ್ತು, ಬದಿಗೆ ಬಿಳಿ ಬಣ್ಣದ ಬಾಟಲಿ. ಮುದುಕನಿದ್ದಲ್ಲಿ ಈಗ ಬಿಳಿಯ ತೇಪೆ. ಬಟ್ಟೆ ಒಣಹಾಕುವವಳೂ ಇರಲಿಲ್ಲ. ಬಣ್ಣ ಗೋಡೆಯ ಕಲ್ಲುಗಳ ಮೇಲೂ ಹರಿದಿತ್ತು.

“ಬಾ, ಕುಂದರು,” ಎಂದರು. “ನೀ ಬರಂಗಿಲ್ಲ ಅನಕೊಂಡಿದ್ದೆ. ನಾನ ಅಳಸೂಣು ಅಂತ ಕುಂತೆ.”

ತಾಯಿ ಮಗಳು ಹಾಗೆಯೇ ಉಳಿದಿದ್ದರು. ಹುಡುಗಿಯ ತಲೆಯ ಹತ್ತಿರ ಬಿಳಿಯ ಒಂದು ಚುಕ್ಕೆ ಮಾತ್ರ ತಾಕಿತ್ತು.

“ಕೈ ಸೋತು ಅರ್ಧಕ್ಕ ಬಿಟ್ರೇನ್ರಿ ಸರ್?”

“ಕೈ ಯಾವಾಗೂ ಸೋತಾವ.” ಮಾಸ್ತರರು ಎರಡೂ ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡರು. “ಗೋಡಿ ಒಮ್ಮಿಗೇ ಬಿತ್ತು, ಸಂಯಮಾ. ಮಂದಿ ಹಂಗಲ್ಲ. ಒಬ್ಬೊಬ್ಬರನ್ನ ಹಿಡಿದು ಮುಗಸಬೇಕು. ಮುದಕನ್ನ ಅಳಸಿದೆ. ಆ ಹೆಣ್ಣಮಗಳನ್ನ ಅಳಸಿದೆ. ಇವರ ಕಡೆ ಬಂದಾಗ, ತಾಯಿ ಮೊದಲೋ ಮಗಳು ಮೊದಲೋ ಅಂತ ವಿಚಾರ ಬಂತು.” ಬಾಟಲಿಯನ್ನು ಮೊಣಕೈಯಿಂದ ದೂರ ಸರಿಸಿದರು. “ಎಂಥಾ ವಿಚಾರ ನೋಡು.”

ಒಳಗೆ ಅವರ ಹೆಂಡತಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

“ಪುಸ್ತಕಾ ಏನ್ ಮಾಡೂದ್ರಿ?”

“ಪಾದ್ರಿ ಏನಂತಾರೋ ಏನೋ. ನನ್ನ ದೇವರನ್ನ ನಾ ಬಿಡಂಗಿಲ್ಲ. ದೇವರು ಹಿಂಗ ಯಾಕ ಮಾಡಿದ ಅಂತ ಹುಡುಗರು ಕೇಳಿದ್ರ, ನನಗ ತಿಳಿದಿಲ್ಲಪ್ಪಾ ಅಂತ ಹೇಳತೇನಿ. ಅಳಸಿದವರನ್ನ ತಿರುಗಿ ಬರದ ಕೊಡು.”

ಚೀಲದೊಳಗಿನ ಚಿತ್ರವನ್ನು ಸಂಯಮ ಹೊರಗೆ ತೆಗೆಯಲಿಲ್ಲ. ಬ್ಲೇಡಿನಿಂದ ಬಿಳಿ ಬಣ್ಣವನ್ನು ಮೆಲ್ಲಗೆ ಕೆರೆದು ಪೆನ್ಸಿಲ್ ಹಿಡಿದಳು. ಮುದುಕ ಬಂದ, ಆದರೆ ಮೊದಲಿನ ಮುದುಕನಲ್ಲ. ಇವನ ಬೆನ್ನು ಹೆಚ್ಚು ಬಾಗಿತ್ತು. ಬಟ್ಟೆ ಒಣಹಾಕುವವಳು ಬಂದಳು, ಅವಳಿಗೂ ವಯಸ್ಸಾಗಿತ್ತು. ಮಾಸ್ತರರು ಪಕ್ಕಕ್ಕೆ ಬಾಗಿ ನೋಡುತ್ತಿದ್ದರು.

ಗೋಡೆಯ ಮೂಲೆಯಲ್ಲಿ ಇನ್ನೊಂದು ತೇಪೆಯಿತ್ತು, ಹೆಬ್ಬೆರಳ ಉಗುರಿನಷ್ಟು.

“ಇಲ್ಲಿ ಯಾರಿದ್ರು ಸರ್?”

“ನೀನ ಬರದಾಕಿ.”

ಅವಳು ನೆನಪಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಫೋಟೊ ತೆಗೆದಿಟ್ಟುಕೊಂಡಿರಲಿಲ್ಲ. ಮಾಸ್ತರರು ಚಷ್ಮಾ ಒರೆಸಿ ಹಾಕಿಕೊಂಡು ಚಿತ್ರದ ಮೇಲೆ ಬಗ್ಗಿದರು. ತಾವೇ ಅಲ್ಲಿ ಅಳಿಸಿದ್ದು ಯಾರನ್ನೆಂದು ಅವರಿಗೂ ತಿಳಿಯಲಿಲ್ಲ. ಲೋಂಡಾ ಕಡೆಯ ರೈಲು ಹಾಯ್ದು ಕಿಟಕಿಯ ಗಾಜು ಗಡಗಡಿಸಿತು, ಮತ್ತೆ ಸುಮ್ಮನಾಯಿತು. ಪೆನ್ಸಿಲಿನ ತುದಿ ಆ ಬಿಳಿಯ ಮೇಲೆ, ಕಾಗದಕ್ಕೆ ತಾಕದೆ, ಹಾಗೆಯೇ ನಿಂತಿತ್ತು.